ಹುಳು ಹೆಕ್ಕುವ ಪುಟ್ಟ ಹಕ್ಕಿ ಯಾವ ಮರ ಆರಿಸುತ್ತದೆ? ನೋಡಿ, ಅಳೆದು, ಲೆಕ್ಕ ಹಾಕುವ ಬಗೆ

ಉಲಿಯಕ್ಕಿಯೊಂದು ಬೆಳಗಿನಿಂದ ಒಂದೇ ಜಾತಿಯ ಮರಗಳಲ್ಲಿ ಓಡಾಡಿತು ಎಂದ ಮಾತ್ರಕ್ಕೆ ಅದಕ್ಕೆ ಆ ಮರ ಇಷ್ಟ ಎಂದು ಬರೆದುಬಿಡುವ ಹಾಗಿಲ್ಲ. ಆ ಕಾಡಿನ ಎಲೆಯಲ್ಲಿ ಮುಕ್ಕಾಲು ಪಾಲು ಅದೇ ಜಾತಿಯದ್ದಾಗಿದ್ದರೆ, ಯಾವ ಆಯ್ಕೆಯನ್ನೂ ಮಾಡದ ಹಕ್ಕಿ ಕೂಡ ನಾಲ್ಕರಲ್ಲಿ ಮೂರು ಸಲ ಅಲ್ಲೇ ಸಿಗುತ್ತದೆ. ಕಾಡಿನಲ್ಲಿ ಇರುವ ಪಾಲಿಗಿಂತ ಹೆಚ್ಚಾಗಿ ಬಳಸಿದಾಗ ಮಾತ್ರ ಇಷ್ಟ ಎಂಬ ಮಾತಿಗೆ ಅರ್ಥ ಬರುತ್ತದೆ. ಹಾಗಾಗಿ ಹಕ್ಕಿಯನ್ನು ಎಣಿಸುವಷ್ಟೇ ಶ್ರದ್ಧೆಯಿಂದ ಎಲೆಯನ್ನೂ ಎಣಿಸಬೇಕು. ಹವ್ಯಾಸಿಗಳ ದಾಖಲೆಗಳು ಹೆಚ್ಚಾಗಿ ಸೋಲುವುದು ಇಲ್ಲೇ: ನೋಟ್‌ಬುಕ್ಕಿನ ತುಂಬ ಹಕ್ಕಿಗಳಿರುತ್ತವೆ, ಮರದ ಲೆಕ್ಕ ಇರುವುದಿಲ್ಲ.

ಇಲ್ಲಿ ಹೇಳುವ ವಿಧಾನ ಚೇಕಡಿ, ಉಲಿಯಕ್ಕಿ, ಬೆಳ್ಗಣ್ಣ, ಮಧುರಕಂಠ, ಚಿತ್ರಪಕ್ಷಿ, ಸಣ್ಣ ನೊಣಹಿಡುಕಗಳಂಥ ಹಕ್ಕಿಗಳಿಗೆ, ಅಂದರೆ ಎಲೆ ಮತ್ತು ಸಣ್ಣ ರೆಂಬೆಗಳಲ್ಲಿ ಬೇಟೆಯಾಡುವ, 5ರಿಂದ 25 ಗ್ರಾಂ ತೂಗುವ ಹಕ್ಕಿಗಳಿಗೆ ಸಂಬಂಧಿಸಿದ್ದು. ಮರಕುಟುಕದಂಥ ತೊಗಟೆಯ ಬೇಟೆಗಾರರಿಗೆ ಎಲೆಯ ಬದಲು ಕಾಂಡ, ಕೊಂಬೆಗಳ ಮೈಯನ್ನು ಅಳೆಯಬೇಕಾಗುತ್ತದೆ. ಅದನ್ನು ಇಲ್ಲಿ ತರುವುದಿಲ್ಲ.

ಮರದಿಂದ ಮರಕ್ಕೆ ಏನು ಬದಲಾಗುತ್ತದೆ

ಏನನ್ನು ನೋಡಬೇಕೆಂದು ಗೊತ್ತಿದ್ದರೆ ಕಣ್ಣು ಸರಿಯಾದ ಕಡೆ ಹೋಗುತ್ತದೆ. ಹಕ್ಕಿಯ ಆಯ್ಕೆಯನ್ನು ಎರಡು ವಿಷಯಗಳು ಮುಖ್ಯವಾಗಿ ತೀರ್ಮಾನಿಸುತ್ತವೆ: ಮರದಲ್ಲಿ ಎಷ್ಟು ಹುಳುಗಳಿವೆ, ಅವುಗಳಲ್ಲಿ ಎಷ್ಟು ಆ ಹಕ್ಕಿಯ ಕೊಕ್ಕಿಗೆ ಎಟುಕುತ್ತವೆ. ಮೊದಲನೆಯದು ಎಲ್ಲರಿಗೂ ಹೊಳೆಯುತ್ತದೆ. ಎರಡನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ ರಿಚರ್ಡ್ ಹೋಮ್ಸ್ ಮತ್ತು ಸ್ಕಾಟ್ ರಾಬಿನ್ಸನ್ ಮಾಡಿ 1981ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಬೀಚ್ ಮತ್ತು ಶುಗರ್ ಮೇಪಲ್ ಮರಗಳು ಧಾರಾಳ. ಆದರೂ ಹುಳು ಹೆಕ್ಕುವ ಬಹುಪಾಲು ಹಕ್ಕಿಗಳು ಹಳದಿ ಬರ್ಚ್ ಮರವನ್ನು ಅದರ ಪಾಲಿಗಿಂತ ಹೆಚ್ಚು ಬಳಸಿದವು, ಬೀಚ್ ಮತ್ತು ಮೇಪಲ್‌ಗಳನ್ನು ಕಡಿಮೆ ಬಳಸಿದವು. ಬರ್ಚ್‌ನಲ್ಲಿ ಹುಳುಗಳು ಹೆಚ್ಚಿದ್ದದ್ದು ಒಂದು ಕಾರಣ. ಎಲೆಗಳ ಜೋಡಣೆ ಇನ್ನೊಂದು. ಬರ್ಚ್‌ನ ಎಲೆತೊಟ್ಟು ಗಿಡ್ಡ, ಎಲೆಗಳು ರೆಂಬೆಯ ಉದ್ದಕ್ಕೂ ಹತ್ತಿರ ಹತ್ತಿರ ಸಾಲಾಗಿ ನಿಂತಿರುತ್ತವೆ. ರೆಂಬೆಯ ಮೇಲೆ ಕುಳಿತ ಹಕ್ಕಿ ಕತ್ತು ಚಾಚಿದರೆ ಎಲೆಯ ಮೇಲ್ಮೈ, ಕೆಳಮೈ ಎರಡೂ ಸಿಗುತ್ತವೆ. ಮೇಪಲ್‌ನ ಎಲೆ ಅಗಲ, ತೊಟ್ಟು ಉದ್ದ. ಕೂತಲ್ಲಿಂದ ಕೊಕ್ಕು ಹಾಕಿದರೆ ಎಲೆಯ ನಡುವಿಗೆ ಮುಟ್ಟುವುದಿಲ್ಲ. ಅಂಥ ಮರದಲ್ಲಿ ಹುಳು ಹಿಡಿಯಲು ಜಿಗಿಯಬೇಕು, ರೆಕ್ಕೆ ಬಡಿದು ಗಾಳಿಯಲ್ಲಿ ನಿಲ್ಲಬೇಕು, ಇಲ್ಲವೇ ತಲೆಕೆಳಗಾಗಿ ತೂಗಬೇಕು. ಇದರಲ್ಲಿ ನುರಿತ ಹಕ್ಕಿಗೆ ಅದೇ ಮರ ಒಳ್ಳೆಯದಾಗುತ್ತದೆ.

ಹಕ್ಕಿಯ ಮೈಕಟ್ಟು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಯುರೋಪಿನ ಗೋಲ್ಡ್‌ಕ್ರೆಸ್ಟ್ ಎಂಬ ಪುಟ್ಟ ಹಕ್ಕಿ 5–6 ಗ್ರಾಂ ಮಾತ್ರ ತೂಗುತ್ತದೆ. ಸೂಜಿಎಲೆಯ ಮರಗಳ ತುದಿರೆಂಬೆ ಅದರ ಭಾರಕ್ಕೆ ಬಗ್ಗುವುದಿಲ್ಲ. ಸಪೂರ ಕೊಕ್ಕಿನ ಕೋಲ್ ಟಿಟ್ (ಟಿಟ್ ಎಂದರೆ ಚೇಕಡಿ) ಸೂಜಿಎಲೆಗಳ ಸಂದಿನಿಂದ ಹುಳು ಎಳೆಯುತ್ತದೆ. ಗಿಡ್ಡ, ದಪ್ಪ ಕೊಕ್ಕಿನ ಬ್ಲೂ ಟಿಟ್‌ಗೆ ಅಗಲ ಎಲೆಯ ಓಕ್ ಮರಗಳೇ ಅನುಕೂಲ. 16ರಿಂದ 20 ಗ್ರಾಂ ತೂಗುವ ಗ್ರೇಟ್ ಟಿಟ್ ತುದಿರೆಂಬೆ ಬಿಟ್ಟು ದಪ್ಪ ಕೊಂಬೆಗೆ, ಎಷ್ಟೋ ಸಲ ನೆಲಕ್ಕೇ ಇಳಿಯುತ್ತದೆ. ಮರ ಆರಿಸುವುದರ ಜೊತೆಗೆ ಮರದ ಭಾಗವನ್ನೂ ಆರಿಸುವುದು ಇದೇ ಕಾರಣಕ್ಕೆ. ಪರಿಸರವಿಜ್ಞಾನಿ ರಾಬರ್ಟ್ ಮ್ಯಾಕ್‌ಆರ್ಥರ್ 1958ರಲ್ಲಿ ತೋರಿಸಿದ್ದು ಇದನ್ನೇ. ಸ್ಪ್ರೂಸ್ ಮರಗಳಲ್ಲಿ ಹುಳು ಹೆಕ್ಕುವ ಪುಟ್ಟ ಹಕ್ಕಿಗಳಾದ ಐದು ಜಾತಿಯ ವಾರ್ಬ್ಲರ್‌ಗಳು ಒಟ್ಟಿಗೆ ಬಾಳುತ್ತಿದ್ದರೂ ಒಂದೊಂದೂ ಮರದ ಬೇರೆ ಬೇರೆ ಎತ್ತರದಲ್ಲಿ, ಒಳಗೆ ಇಲ್ಲವೇ ಹೊರಗೆ, ಹೆಚ್ಚು ಹೊತ್ತು ಕಳೆಯುತ್ತಿದ್ದವು.

ಹುಳುಗಳ ಪ್ರಮಾಣವೂ ಸ್ಥಿರವಲ್ಲ. ಬ್ರಿಟನ್ನಿನ ಮರಗಳ ಮೇಲಿನ ಕೀಟಜಾತಿಗಳ ಪಟ್ಟಿಯಲ್ಲಿ ಓಕ್ ಮೇಲ್ಸಾಲಿನಲ್ಲಿದೆ ನಿಜ. ಆದರೆ ಅದೇ ಓಕ್‌ನ ಚಿಗುರು ಬಲಿತು, ಟ್ಯಾನಿನ್ ಎಂಬ ಒಗರು ಹೆಚ್ಚಿ, ಎಲೆ ಗಡುಸಾಗುತ್ತಿದ್ದಂತೆ ಎಲೆ ತಿನ್ನುವ ಮರಿಹುಳುಗಳ ಕಾಲ ಮುಗಿಯುತ್ತದೆ. ಇಂದು ಹಕ್ಕಿ ಮುತ್ತಿದ ಮರ ಮೂರು ವಾರದ ನಂತರ ಖಾಲಿ ಹೊಡೆಯಬಹುದು. ಜಾತಿಗಿಂತ ಚಿಗುರಿನ ಹಂತ ಮುಖ್ಯವಾಗುವ ದಿನಗಳೂ ಇವೆ.

ತಿಂದ ಗುರುತೂ ಹಕ್ಕಿಗೆ ಸುಳಿವು. ಬರ್ನ್ಡ್ ಹೈನ್ರಿಚ್ ಮತ್ತು ಸ್ಕಾಟ್ ಕಾಲಿನ್ಸ್ 1983ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಪ್ಪು ಟೋಪಿಯ ಚಿಕಡಿಗಳು (ಅಮೆರಿಕದ ಚೇಕಡಿಗಳು) ತೂತುಬಿದ್ದ ಎಲೆಗಳಿರುವ ಮರಗಳಲ್ಲಿ ಹುಡುಕುವುದನ್ನು ಬೇಗ ಕಲಿತವು. ರುಚಿಯಾದ ಹುಳುಗಳಲ್ಲಿ ಕೆಲವು ಅರ್ಧ ತಿಂದ ಎಲೆಯ ತೊಟ್ಟನ್ನೇ ಕಡಿದು ಕೆಳಗೆ ಬೀಳಿಸಿ ಗುರುತು ಅಳಿಸುತ್ತವೆ. ರೋಮ ಮುಳ್ಳುಗಳಿರುವ ಕಂಬಳಿಹುಳುಗಳಿಗೆ ಈ ತಾಪತ್ರಯ ಇಲ್ಲ, ಹರಿದ ಎಲೆಯನ್ನು ಹಾಗೇ ಬಿಟ್ಟು ಹೋಗುತ್ತವೆ. ಆದ್ದರಿಂದ ತೂತಿನ ಎಲೆ ಹೆಚ್ಚಿದ್ದ ಮಾತ್ರಕ್ಕೆ ತಿನ್ನಲು ಯೋಗ್ಯವಾದ ಹುಳು ಹೆಚ್ಚಿದೆ ಎನ್ನಲಾಗದು.

ಬೇಕಾದ ಸಾಮಾನು

8×32 ಅಥವಾ 8×42 ಬೈನಾಕ್ಯುಲರ್. 10 ಪಟ್ಟು ದೊಡ್ಡದು ಮಾಡುವುದು ಇಲ್ಲಿ ಅಡ್ಡಿಯೇ: ನೋಟದ ಅಗಲ ಕಡಿಮೆ, ಎಲೆಗಳ ನಡುವೆ ಸರಸರ ಓಡುವ ಹಕ್ಕಿ ಮತ್ತೆ ಮತ್ತೆ ತಪ್ಪುತ್ತದೆ. ಮೂರು ಮೀಟರಿಗಿಂತ ಹತ್ತಿರದ್ದನ್ನೂ ಸ್ಪಷ್ಟವಾಗಿ ತೋರಿಸುವಂಥದ್ದು ಇರಲಿ. ಸ್ಟಾಪ್‌ವಾಚ್, ಪೆನ್ಸಿಲ್, ಗಟ್ಟಿ ರಟ್ಟಿನ ನೋಟ್‌ಬುಕ್, ಮರದ ಸುತ್ತಳತೆಗೆ ಟೈಲರ್ ಟೇಪು, 20 ಮೀಟರಿನ ಎರಡು ಹಗ್ಗ. ಧ್ವನಿಮುದ್ರಕ ಇದ್ದರೆ ಬಹಳ ಉಪಯೋಗ, ಕಣ್ಣು ಹಕ್ಕಿಯ ಮೇಲೇ ಇರುವಾಗ ಬಾಯಲ್ಲಿ ಹೇಳುತ್ತಾ ಹೋಗಬಹುದು.

ಇನ್ನೊಂದನ್ನು ಮನೆಯಲ್ಲೇ ಮಾಡಿಕೊಳ್ಳಬೇಕು, ಎಲೆ ನೋಡುವ ಕೊಳವೆ. 4 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದದ ಪ್ಲಾಸ್ಟಿಕ್ ಪೈಪಿನ ತುಂಡಿನ ಒಂದು ಬಾಯಿಗೆ ಕರಿ ದಾರವನ್ನು ಅಡ್ಡ ಮತ್ತು ಉದ್ದ ಕಟ್ಟಿ ಕೂಡುಗೆರೆ ಮಾಡಿ. ಪೈಪಿನ ಪಕ್ಕಕ್ಕೆ ಒಂದು ಗೇಣು ದಾರದಲ್ಲಿ ನಟ್ಟು ಕಟ್ಟಿ ತೂಗುಬಿಡಿ. ದಾರ ಪೈಪಿನ ಮೈಗೆ ಸಮಾನಾಂತರವಾಗಿ ನಿಂತರೆ ಕೊಳವೆ ನೇರವಾಗಿ ಮೇಲಕ್ಕೆ ಮುಖ ಮಾಡಿದೆ ಎಂದು ಅರ್ಥ. ಈ ತೂಗುವ ನಟ್ಟಿಲ್ಲದೆ ನೋಡಿದರೆ ಕೈ ತಾನಾಗಿ ಎಲೆ ಹೆಚ್ಚಿರುವ ಕಡೆಗೆ ವಾಲುತ್ತದೆ.

ಮೊದಲು ಎಲೆಯ ಲೆಕ್ಕ

ಮರಗಳ ಸಂಖ್ಯೆಯನ್ನೇ ಲಭ್ಯತೆ ಎಂದು ತೆಗೆದುಕೊಳ್ಳಬೇಡಿ. ಆಳೆತ್ತರದ ನೂರು ಸಸಿಗಳಲ್ಲಿರುವ ಎಲೆಗಿಂತ ಒಂದು ದೊಡ್ಡ ಮರದ ನೆತ್ತಿಯಲ್ಲಿ (ಎಲೆ, ರೆಂಬೆ ತುಂಬಿದ ಮೇಲ್ಭಾಗದಲ್ಲಿ) ಹೆಚ್ಚು ಎಲೆ ಇರಬಹುದು. ಹಕ್ಕಿ ಹುಡುಕುವುದು ಎಲೆಯಲ್ಲಿ.

ನೋಡಬೇಕಾದ ಕಾಡಿನ ತುಂಡು ಒಂದೇ ಬಗೆಯದ್ದಾಗಿರಲಿ. ಹೊಳೆದಂಡೆ, ನೆಡುತೋಪು, ಗುಡ್ಡದ ನೆತ್ತಿ ಮೂರನ್ನೂ ಕಲಸಿದರೆ ಲೆಕ್ಕಕ್ಕೆ ಅರ್ಥ ಇರುವುದಿಲ್ಲ. ಆ ತುಂಡಿನಲ್ಲಿ 20 ಜಾಗಗಳನ್ನು ನಕ್ಷೆಯ ಮೇಲೆ ಚೀಟಿ ಎತ್ತಿ ಗುರುತಿಸಿ. ಕಾಲುದಾರಿಯ ಪಕ್ಕ ಅನುಕೂಲ ಎಂದು ಅಲ್ಲೇ ಆರಿಸಿದರೆ ಬೆಳಕು ಬೇಡುವ, ಅಂಚಿನಲ್ಲಿ ಬೆಳೆಯುವ ಗಿಡಗಳೇ ಹೆಚ್ಚು ಸಿಗುತ್ತವೆ.

ಪ್ರತಿ ಜಾಗದಲ್ಲೂ ಎರಡು ಹಗ್ಗಗಳನ್ನು ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮವಾಗಿ ಚಾಚಿ. ಪ್ರತಿ ಹಗ್ಗದ ಮೇಲೆ 2, 6, 10, 14, 18 ಮೀಟರಿನಲ್ಲಿ ನಿಂತು ಕೊಳವೆಯಲ್ಲಿ ಮೇಲಕ್ಕೆ ನೋಡಿ. ಎರಡು ಹಗ್ಗ ನಡುವಿನಲ್ಲಿ ಕೂಡುವುದರಿಂದ 10ರ ಬಿಂದು ಎರಡು ಸಲ ಬರುತ್ತದೆ. ಎರಡನೆಯ ಹಗ್ಗದಲ್ಲಿ ಅದನ್ನು ಒಂದು ಮೀಟರ್ ಪಕ್ಕಕ್ಕೆ ಸರಿಸಿ. ಒಟ್ಟು 200 ಬಿಂದು ಆಗುತ್ತವೆ. ಪ್ರತಿ ಬಿಂದುವಿನಲ್ಲೂ ಎತ್ತರವನ್ನು ನಾಲ್ಕು ಪದರ ಮಾಡಿ: 3 ಮೀಟರಿನವರೆಗೆ, 3–6, 6–12, 12ಕ್ಕಿಂತ ಮೇಲೆ. ಕೂಡುಗೆರೆಯ ಮೇಲೆ ಯಾವ ಪದರದಲ್ಲಿ ಯಾವ ಜಾತಿಯ ಎಲೆ ಬಿತ್ತೋ ಅದನ್ನು ಬರೆಯಿರಿ. ಕಣ್ಣಿಗಿಂತ ಕೆಳಗಿರುವ ಎಲೆಗೆ ಕೊಳವೆ ಬೇಡ, ಕೋಲನ್ನು ನೆಟ್ಟಗೆ ಹಿಡಿದು ತಾಗಿದ್ದನ್ನು ಬರೆದರೆ ಸಾಕು. ಆಕಾಶ ಕಂಡರೆ ‘ಖಾಲಿ’ ಎಂದು ಬರೆಯಿರಿ, ಅದೂ ದಾಖಲೆಯೇ.

ಇದರಲ್ಲಿ ಒಂದು ತೊಡಕಿದೆ. ಕೆಳಪದರದ ಎಲೆ ಮೇಲಿನದನ್ನು ಮರೆ ಮಾಡುತ್ತದೆ. ಆದ್ದರಿಂದ ಪ್ರತಿ ಪದರದ ಪಾಲನ್ನು ಒಟ್ಟು 200ರಿಂದ ಭಾಗಿಸದೆ, ಆ ಪದರ ಕಂಡ ಬಿಂದುಗಳಿಂದ ಮಾತ್ರ ಭಾಗಿಸಿ. 12 ಮೀಟರಿನ ಮೇಲಿನ ಪದರ 80 ಬಿಂದುಗಳಲ್ಲಿ ಮಾತ್ರ ಕಂಡು, ಅದರಲ್ಲಿ 20 ಸಲ ಒಂದು ಜಾತಿಯ ಎಲೆ ಬಿದ್ದಿದ್ದರೆ ಅದರ ಹೊದಿಕೆ 25%, 10% ಅಲ್ಲ.

ಮರಗಳು ದೂರ ದೂರ ಇರುವ ಬಯಲುಕಾಡಿನಲ್ಲಿ ಕೊಳವೆಗಿಂತ ನೆತ್ತಿಯ ಗಾತ್ರ ಅಳೆಯುವುದು ಸುಲಭ. ನೆತ್ತಿಯ ಎರಡು ಅಡ್ಡಗಲ, ಎಲೆ ಶುರುವಾಗುವಲ್ಲಿಂದ ತುದಿಯವರೆಗಿನ ಆಳ, ಈ ಮೂರನ್ನೂ ಗುಣಿಸಿ 0.52ರಿಂದ ಮತ್ತೆ ಗುಣಿಸಿ. 6 ಮೀ. × 5 ಮೀ. × 4 ಮೀ. ನೆತ್ತಿಗೆ ಸುಮಾರು 62 ಘನಮೀಟರ್. ವಿರಳ ಎಲೆಗೆ 1, ಸಾಧಾರಣಕ್ಕೆ 2, ದಟ್ಟಕ್ಕೆ 3 ಎಂದು ಅಂಕ ಕೊಟ್ಟು ಅದರಿಂದಲೂ ಗುಣಿಸಿದರೆ ಲೆಕ್ಕ ಇನ್ನೂ ಹತ್ತಿರವಾಗುತ್ತದೆ. ಅಂಕ ಕೊಡುವವರು ಕೊನೆತನಕ ಒಬ್ಬರೇ ಆಗಿರಲಿ.

ಸುತ್ತಳತೆಯನ್ನೂ ತೆಗೆದಿಡಿ, ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಇಳಿಜಾರಿನಲ್ಲಾದರೆ ಮೇಲ್ಬದಿಯಿಂದ. ಟೇಪಿನ ಅಡಿಗೆ ಬಳ್ಳಿ ಸಿಗದಂತೆ ನೋಡಿಕೊಳ್ಳಿ. ಎಲೆ ಉದುರಿದ ಕಾಲದಲ್ಲಿ ಹೋಲಿಕೆಗೆ ಉಳಿಯುವ ಅಳತೆ ಇದೊಂದೇ. ಎಲೆ ಉದುರುವ ಕಾಡಾದರೆ ಎಲೆಯ ಲೆಕ್ಕವನ್ನು ಪ್ರತಿ ಋತುವಿಗೆ ಒಮ್ಮೆಯಾದರೂ ಹೊಸದಾಗಿ ಮಾಡಬೇಕು.

ಹಕ್ಕಿಯನ್ನು ದಾಖಲಿಸುವುದು

ಸೂರ್ಯ ಹುಟ್ಟಿದ ಅರ್ಧ ಗಂಟೆಯ ನಂತರ ಶುರುಮಾಡಿ ಮೂರು ಗಂಟೆ ನಡೆಯಿರಿ. ಎಲೆಗಳು ಸತತವಾಗಿ ಅಲ್ಲಾಡುವಷ್ಟು ಗಾಳಿ, ಮಳೆ ಇದ್ದರೆ ಬಿಡಿ: ಹಕ್ಕಿಗಳೇ ಒಳಭಾಗಕ್ಕೆ ಸರಿಯುತ್ತವೆ, ನಿಮಗೂ ಕಾಣುವುದಿಲ್ಲ. ಪ್ರತಿದಿನ ಒಂದೇ ತುದಿಯಿಂದ ಹೊರಟರೆ ಆ ತುದಿಯ ಮರಗಳೆಲ್ಲ ಮುಂಜಾವಿನವೇ ಆಗುತ್ತವೆ, ದಿಕ್ಕು ಬದಲಿಸುತ್ತಿರಿ.

ಅತಿ ಮುಖ್ಯವಾದ ನಿಯಮ ಇದು: ಹಕ್ಕಿ ಕಣ್ಣಿಗೆ ಬಿದ್ದ ಕೂಡಲೇ ಬರೆಯಬೇಡಿ. ಹೊರತುದಿಯಲ್ಲಿ, ಬಿಸಿಲಿಗೆ, ವಿರಳ ಎಲೆಯ ಮರದಲ್ಲಿ ಇರುವ ಹಕ್ಕಿಯೇ ಮೊದಲು ಕಾಣುತ್ತದೆ. ಮೊದಲ ನೋಟವನ್ನೇ ಬರೆದರೆ ನಿಮ್ಮ ದಾಖಲೆ ಹಕ್ಕಿಗೆ ಇಷ್ಟವಾದ ಮರಗಳ ಬದಲು ಹಕ್ಕಿ ಸುಲಭವಾಗಿ ಕಾಣುವ ಮರಗಳನ್ನು ತೋರಿಸುತ್ತದೆ. ಕಂಡ ಮೇಲೆ ಮನಸ್ಸಿನಲ್ಲೇ ಐದು ಸೆಕೆಂಡು ಎಣಿಸಿ, ಆಮೇಲೆ ಅದು ಮಾಡುವ ಮೊದಲ ದಾಳಿಯನ್ನು ಬರೆಯಿರಿ. ದಾಳಿ ಎಂದರೆ ಕೊಕ್ಕು ಬೇಟೆಯ ಕಡೆ ಹೋದದ್ದು. ಹುಳು ಸಿಕ್ಕಿತೋ ಇಲ್ಲವೋ ಬೇರೆ ಮಾತು. ಕೊಕ್ಕು ಉಜ್ಜುವುದು, ಗರಿ ತೀಡುವುದು, ಹಾಡುವುದು ದಾಳಿ ಅಲ್ಲ. ಹಾಡುವ ಗಂಡು ಎತ್ತರದ, ತೆರೆದ ಕೊಂಬೆ ಹುಡುಕುತ್ತದೆ, ಅದಕ್ಕೂ ಬೇಟೆಗೂ ಸಂಬಂಧ ಇಲ್ಲ.

ಪ್ರತಿ ದಾಖಲೆಯಲ್ಲಿ ಇಷ್ಟು ಇರಲಿ:

– ದಿನ, ಹೊತ್ತು, ಜಾಗ. ಹಕ್ಕಿಯ ಜಾತಿ, ಗುರುತಿಸಬಹುದಾದರೆ ಗಂಡೋ ಹೆಣ್ಣೋ
– ಮರದ ಜಾತಿ, ಮರದ ಎತ್ತರ, ಹಕ್ಕಿ ಇದ್ದ ಎತ್ತರ
– ನೆತ್ತಿಯ ಒಳಗಿನ, ನಡುವಿನ, ಹೊರಗಿನ ಮೂರರಲ್ಲಿ ಒಂದು ಭಾಗ
– ಬೇಟೆ ಇದ್ದ ಜಾಗ: ಎಲೆಯ ಮೇಲ್ಮೈ, ಕೆಳಮೈ, ತೊಟ್ಟು, ಒಂದು ಸೆಂ.ಮೀ.ಗಿಂತ ಸಪೂರ ರೆಂಬೆ, ಕೊಂಬೆ, ಕಾಂಡ, ಹೂ, ಒಣಎಲೆ, ಗಾಳಿ
– ಹಿಡಿದ ಬಗೆ: ಕೂತು ಹೆಕ್ಕಿದ್ದು, ಕತ್ತು ಚಾಚಿದ್ದು, ತೂಗಿ ಹಿಡಿದದ್ದು, ರೆಕ್ಕೆ ಬಡಿದು ನಿಂತು ಹಿಡಿದದ್ದು, ಹಾರಿ ಹಿಡಿದದ್ದು
– ಎಲೆಯ ಹಂತ: ಚಿಗುರು, ಬಲಿತದ್ದು, ಹಣ್ಣಾದದ್ದು, ಮರದಲ್ಲಿ ಹೂವಿದೆಯೇ, ಚಗಳಿ ಇರುವೆ ಇದೆಯೇ

ಮರಕ್ಕೆ ಹಬ್ಬಿದ ಬಳ್ಳಿಯ ಎಲೆಯಿಂದಲೋ ಬಂದಳಿಕೆಯಿಂದಲೋ ಹುಳು ತೆಗೆದರೆ ಆ ಗಿಡದ ಹೆಸರನ್ನು ಬರೆಯಬೇಕು, ಆಧಾರ ಕೊಟ್ಟ ಮರದ್ದನ್ನಲ್ಲ. ಬಳ್ಳಿ ಹೆಚ್ಚಿರುವ ಕಾಡಿನಲ್ಲಿ ಈ ಒಂದು ತಪ್ಪಿನಿಂದ ಇಡೀ ಫಲಿತಾಂಶ ತಲೆಕೆಳಗಾಗುತ್ತದೆ.

ಇರುವೆಯ ಕಾಲಂ ಏಕೆ ಬೇಕೆಂದರೆ, ಇರುವೆಗಳು ಅವೇ ಹುಳುಗಳನ್ನು ಹೊತ್ತೊಯ್ಯುತ್ತವೆ, ಹಕ್ಕಿಯನ್ನೂ ಕಡಿಯುತ್ತವೆ. ಎಲೆ ಹೊಲಿದು ಗೂಡು ಕಟ್ಟುವ ಚಗಳಿ ತುಂಬಿದ ಮರವನ್ನು ಹಕ್ಕಿ ಬೇಗ ಬಿಟ್ಟು ಹೋದರೆ ಅದನ್ನು ಮರದ ಜಾತಿಯ ದೋಷ ಎಂದು ಬರೆದುಕೊಳ್ಳುವ ಅಪಾಯ ಇರುತ್ತದೆ.

ಒಂದು ಹಕ್ಕಿಯಿಂದ ಒಂದು ಮರದಲ್ಲಿ ಒಂದೇ ದಾಖಲೆ. ಅದೇ ಹಕ್ಕಿ ಹತ್ತು ಸೆಕೆಂಡಿಗೊಂದು ಹುಳು ಹೆಕ್ಕಿದ್ದನ್ನೆಲ್ಲ ಬೇರೆ ಬೇರೆ ಎಂದು ಎಣಿಸಿದರೆ ಆರು ದಾಖಲೆ ಒಂದು ನಿಮಿಷದಲ್ಲಿ ಆಗಿಬಿಡುತ್ತವೆ, ಆದರೆ ಆಯ್ಕೆ ನಡೆದದ್ದು ಒಂದೇ ಸಲ. ಮಿಶ್ರ ಹಿಂಡು ಬಂದರೆ ಪ್ರತಿ ಜಾತಿಯಿಂದ ಒಂದೆರಡು ಹಕ್ಕಿ ಸಾಕು, ಆಮೇಲೆ ಕನಿಷ್ಠ 200 ಮೀಟರ್ ಮುಂದೆ ಹೋಗಿ. ಹಿಂಡಿನಲ್ಲಿರುವಾಗ ಹಕ್ಕಿ ಇತರರನ್ನು ಹಿಂಬಾಲಿಸಿ ಮರ ಬದಲಿಸುತ್ತದೆ, ತನ್ನಿಚ್ಛೆಯಿಂದಲ್ಲ. ಅದು ಹಿಂಡಿನಲ್ಲಿತ್ತೋ ಒಂಟಿಯೋ ಎಂದೂ ಬರೆದಿಟ್ಟರೆ ಮುಂದೆ ಬೇರ್ಪಡಿಸಬಹುದು.

ಒಂದು ಜಾತಿಯ ಹಕ್ಕಿಗೆ ಒಂದು ಋತುವಿನಲ್ಲಿ 30 ಸ್ವತಂತ್ರ ದಾಖಲೆ ತೀರಾ ಕನಿಷ್ಠ. ಮರದ ಜಾತಿ ಐದಾರು ಇದ್ದರೆ ನೂರು ಬೇಕು.

ಕೂತ ಹೊತ್ತು ಹೇಳದ ಮಾತು

ಹೆಚ್ಚು ಹೊತ್ತು ಉಳಿದ ಮರವೇ ಒಳ್ಳೆಯದು ಎನ್ನುವುದು ಸಹಜ ಊಹೆ, ಎಷ್ಟೋ ಸಲ ತಪ್ಪು. ದೊಡ್ಡ ಮರದಲ್ಲಿ ಹುಡುಕಲು ಜಾಗ ಹೆಚ್ಚು, ಅಷ್ಟಕ್ಕೇ ಹೊತ್ತು ಹೆಚ್ಚಾಗುತ್ತದೆ. ಹತ್ತಿರದಲ್ಲಿ ಬೇರೆ ಮರ ಇಲ್ಲದಿದ್ದರೂ ಹಕ್ಕಿ ಸುಮಾರಾದ ಮರವನ್ನೇ ಕೊನೆತನಕ ಶೋಧಿಸುತ್ತದೆ, ಏಕೆಂದರೆ ಮುಂದಿನ ಮರಕ್ಕೆ ಹಾರುವ ಖರ್ಚು ದೊಡ್ಡದು. ಪರಿಸರವಿಜ್ಞಾನಿ ಎರಿಕ್ ಚಾರ್ನೋವ್ 1976ರಲ್ಲಿ ಗಣಿತದಲ್ಲಿ ಹೇಳಿದ್ದು ಇದನ್ನು: ಈಗಿರುವ ತಾಣದಲ್ಲಿ ಆಹಾರ ಸಿಗುವ ಗತಿ, ಓಡಾಟದ ಹೊತ್ತನ್ನೂ ಸೇರಿಸಿದ ಸುತ್ತಲಿನ ಸರಾಸರಿಗೆ ಇಳಿದಾಗ ಬಿಟ್ಟುಹೋಗುವುದು ಲಾಭ.

ಆದ್ದರಿಂದ ಹೊತ್ತಿನ ಜೊತೆಗೆ ದಾಳಿಯ ಗತಿ ಅಳೆಯಿರಿ. ಹಕ್ಕಿ ಪೂರ್ತಿ ಕಾಣುವಾಗ ಮಾತ್ರ ಸ್ಟಾಪ್‌ವಾಚ್ ಓಡಿಸಿ, ಎಲೆಮರೆಗೆ ಹೋದರೆ ನಿಲ್ಲಿಸಿ, ದಾಳಿ ಮತ್ತು ಕುಪ್ಪಳಿಕೆ ಎರಡನ್ನೂ ಎಣಿಸಿ. 20 ಸೆಕೆಂಡಿಗಿಂತ ಗಿಡ್ಡವಾದ ತುಣುಕುಗಳನ್ನು ಬಿಟ್ಟುಬಿಡಿ. ನಿಮಿಷಕ್ಕೆ ದಾಳಿ ಹೆಚ್ಚು, ಕುಪ್ಪಳಿಕೆ ಕಡಿಮೆ ಇದ್ದರೆ ಮರದಲ್ಲಿ ಹುಳು ಧಾರಾಳ. ಕುಪ್ಪಳಿಕೆ ಹೆಚ್ಚು, ದಾಳಿ ಕಡಿಮೆ ಇದ್ದರೆ ಹಕ್ಕಿ ಹುಡುಕಿ ಸುಸ್ತಾಗುತ್ತಿದೆ.

ಲೆಕ್ಕ

ಅರ್ಥವಾಗಲೆಂದು ಒಂದು ಕಲ್ಪಿತ ಉದಾಹರಣೆ. ಮೂರು ಜಾತಿಯ ಮರಗಳ ಕಾಡು, ಒಂದು ಉಲಿಯಕ್ಕಿಯ 100 ದಾಖಲೆ. ಮೊದಲ ಮರ ಎಲೆಯಲ್ಲಿ 20%, ದಾಖಲೆ 42. ಎರಡನೆಯದು ಎಲೆಯಲ್ಲಿ 50%, ದಾಖಲೆ 38. ಮೂರನೆಯದು ಎಲೆಯಲ್ಲಿ 30%, ದಾಖಲೆ 20.

ಬಳಕೆಯನ್ನು ಲಭ್ಯತೆಯಿಂದ ಭಾಗಿಸಿದರೆ ಕ್ರಮವಾಗಿ 2.1, 0.76, 0.67. ಒಂದಕ್ಕಿಂತ ಮೇಲಿದ್ದರೆ ಒಲವು, ಕೆಳಗಿದ್ದರೆ ದೂರ. ಬೇರೆ ಬೇರೆ ಕಾಡುಗಳನ್ನು ಹೋಲಿಸುವುದಾದರೆ ಜೇಕಬ್ಸ್ ಸೂಚ್ಯಂಕ ಉತ್ತಮ: ಬಳಕೆಯಿಂದ ಲಭ್ಯತೆ ಕಳೆದು ಬಂದದ್ದನ್ನು, ಎರಡರ ಮೊತ್ತದಿಂದ ಎರಡರ ಗುಣಲಬ್ಧದ ಇಮ್ಮಡಿ ಕಳೆದು ಬಂದದ್ದರಿಂದ ಭಾಗಿಸಿ. ಮೊದಲ ಮರಕ್ಕೆ 0.22 ÷ 0.452, ಅಂದರೆ +0.49. ಉಳಿದೆರಡಕ್ಕೆ −0.24 ಮತ್ತು −0.26. ಈ ಸೂಚ್ಯಂಕ −1ರಿಂದ +1ರವರೆಗೆ ಹೋಗುತ್ತದೆ, ಸೊನ್ನೆ ಎಂದರೆ ಆಯ್ಕೆ ಇಲ್ಲ.

ಇದು ಆಕಸ್ಮಿಕವೋ ಎಂದು ನೋಡಲು ಕೈ-ವರ್ಗ (chi-square) ಪರೀಕ್ಷೆ. ನಿರೀಕ್ಷೆ 20, 50, 30. ವ್ಯತ್ಯಾಸದ ವರ್ಗವನ್ನು ನಿರೀಕ್ಷೆಯಿಂದ ಭಾಗಿಸಿ ಕೂಡಿದರೆ 24.2 + 2.88 + 3.33 = 30.4. ಮೂರು ಜಾತಿಗೆ 5% ಮಟ್ಟದ ಗಡಿ (ಆಯ್ಕೆಯೇ ಇಲ್ಲದಿದ್ದರೆ ನೂರಕ್ಕೆ ಐದು ಸಲ ಮಾತ್ರ ದಾಟುವ ಗಡಿ) 5.99, ಆದ್ದರಿಂದ ಆಯ್ಕೆ ನಡೆದಿದೆ. ಆದರೆ ಯಾವ ಮರದಲ್ಲಿ ಎಂದು ಈ ಸಂಖ್ಯೆ ಹೇಳುವುದಿಲ್ಲ. ಅದಕ್ಕೆ ಪ್ರತಿ ಮರದ ಬಳಕೆಗೂ ವಿಶ್ವಾಸದ ಮಿತಿ (ನಿಜವಾದ ಪಾಲು ಇರಬಹುದಾದ ಕೆಳ, ಮೇಲಿನ ಗಡಿ) ಹಾಕಬೇಕು, ಮೂರು ಹೋಲಿಕೆ ಇರುವುದರಿಂದ ಪ್ರಮಾಣ ದೋಷವನ್ನು (standard error) 1.96ರ ಬದಲು 2.39ರಿಂದ ಗುಣಿಸಿ. ಮೊದಲ ಮರಕ್ಕೆ 30%–54% ಬರುತ್ತದೆ, ಲಭ್ಯತೆಯ 20% ಅದರಿಂದ ಬಹಳ ಕೆಳಗಿದೆ: ಖಚಿತ ಒಲವು. ಎರಡನೆಯದರ ಮೇಲ್ಮಿತಿ 49.6%, ಮೂರನೆಯದರದ್ದು 29.6%. ಎರಡೂ ಲಭ್ಯತೆಯನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿವೆ. ಅಂಥಲ್ಲಿ ‘ಹಕ್ಕಿ ಈ ಮರವನ್ನು ದೂರ ಇಡುತ್ತದೆ’ ಎಂದು ಬರೆಯಲು ಅವಸರ ಬೇಡ, ಇನ್ನಷ್ಟು ದಾಖಲೆ ಬೇಕು. ಎಲೆಯ ಪಾಲೂ ಒಂದು ಅಂದಾಜೇ ಎಂಬುದು ನೆನಪಿರಲಿ.

ಇದೇ ಮೊದಲ ಮರ ದೈತ್ಯಗಾತ್ರದ್ದಾಗಿ ಸಂಖ್ಯೆಯಲ್ಲಿ 8% ಮಾತ್ರ ಇದ್ದು, ಎಲೆಯ ಬದಲು ಮರಗಳನ್ನೇ ಎಣಿಸಿದ್ದರೆ ಅನುಪಾತ 2.1ರ ಬದಲು 5.25 ಆಗುತ್ತಿತ್ತು. ಇಲ್ಲದ ಒಲವು ಹುಟ್ಟುವುದು ಹೀಗೆ. ಹಕ್ಕಿ 3ರಿಂದ 6 ಮೀಟರ್ ಎತ್ತರದಲ್ಲೇ ಬೇಟೆಯಾಡುವಂಥದ್ದಾದರೆ ಹೋಲಿಕೆಗೂ ಆ ಪದರದ ಎಲೆಯನ್ನು ಮಾತ್ರ ತೆಗೆದುಕೊಳ್ಳಿ. ಅದು ಎಂದೂ ಏರದ ಎತ್ತರದ ಎಲೆಯನ್ನು ಲಭ್ಯ ಎಂದು ಸೇರಿಸುವುದು ಅನ್ಯಾಯ. ನಿರೀಕ್ಷೆ 5ಕ್ಕಿಂತ ಕಡಿಮೆ ಇರುವ ಅಪರೂಪದ ಜಾತಿಗಳನ್ನು ಒಂದೇ ಗುಂಪಿಗೆ ಹಾಕಿ.

ಕಾರಣ ಹುಡುಕುವುದು: ಹುಳುವೋ, ಎಲೆಯ ಜೋಡಣೆಯೋ?

ಒಲವು ಖಚಿತವಾದ ಮೇಲೆ ಅದರ ಹಿಂದಿರುವುದನ್ನು ನೋಡಬಹುದು. ಹುಳುಗಳನ್ನು ಅಂದಾಜಿಸಲು ಒಂದು ಮೀಟರ್ ಚದರದ ಬಿಳಿ ಬಟ್ಟೆಯನ್ನು ರೆಂಬೆಯ ಕೆಳಗೆ ಚಾಚಿ, ಕೋಲಿನಿಂದ ಐದು ಪೆಟ್ಟು ಕೊಟ್ಟು, ಬಿದ್ದದ್ದನ್ನು ಮಿ.ಮೀ. ಉದ್ದದ ಸಮೇತ ಎಣಿಸಿ. ಎಲೆ ಒದ್ದೆಯಿದ್ದರೆ ಹುಳು ಅಂಟಿಕೊಳ್ಳುತ್ತದೆ. ಎಲೆ ಸುತ್ತಿಕೊಂಡು ಒಳಗಿರುವ ಹುಳು, ಎಲೆಯ ಪದರದೊಳಗೆ ಸುರಂಗ ಕೊರೆಯುವ ಹುಳು ಬೀಳುವುದೇ ಇಲ್ಲ. ಆದ್ದರಿಂದ ಪ್ರತಿ ಮರದಲ್ಲಿ 100 ಎಲೆಗಳನ್ನು ಒಂದೊಂದಾಗಿ ತಿರುಗಿಸಿ ನೋಡುವುದನ್ನೂ ಸೇರಿಸಿ. ಎಲೆಯ ಗಾತ್ರ ಬೇರೆ ಬೇರೆ ಇರುವ ಜಾತಿಗಳನ್ನು ಹೋಲಿಸುವಾಗ 100 ಎಲೆಗೆ ಎಷ್ಟು ಎನ್ನುವುದನ್ನು ಚದರ ಮೀಟರ್ ಎಲೆಗೆ ಎಷ್ಟು ಎಂದು ಬದಲಿಸಿಕೊಳ್ಳಿ. ಇಲ್ಲದಿದ್ದರೆ ದೊಡ್ಡ ಎಲೆಯ ಮರ ಸುಮ್ಮನೆ ಗೆಲ್ಲುತ್ತದೆ.

ಎಟುಕದ ನೆತ್ತಿಯ ಹುಳುಗಳಿಗೆ ಹಿಕ್ಕೆಯ ಲೆಕ್ಕ ಸಹಾಯ ಮಾಡುತ್ತದೆ. ಅರ್ಧ ಮೀಟರ್ ಚದರದ ಬಟ್ಟೆಯ ಜೋಲಿಯನ್ನು ಮರದ ಕೆಳಗೆ ಕಟ್ಟಿ, ಎರಡು-ಮೂರು ದಿನಕ್ಕೊಮ್ಮೆ ಬಿದ್ದ ಹಿಕ್ಕೆ ಒಣಗಿಸಿ ತೂಗಿ. ಮಳೆ ಬಂದರೆ ಹಿಕ್ಕೆ ಕರಗಿಹೋಗುತ್ತದೆ, ಆ ಸರದಿಯನ್ನು ಕೈಬಿಡಿ.

ಎರಡೂ ಮರದಲ್ಲಿ ಹುಳು ಒಂದೇ ಸಮ ಇದ್ದರೂ ಹಕ್ಕಿ ಒಂದನ್ನೇ ಆರಿಸುತ್ತಿದೆ ಎನಿಸಿದರೆ ಎಲೆಯ ಜೋಡಣೆಯನ್ನು ಪರೀಕ್ಷಿಸಲು ಜೇಡಿಹುಳು ಒಳ್ಳೆಯ ಉಪಾಯ. ಗಾಳಿಗೆ ಒಣಗದ, ಎಣ್ಣೆ ಬೆರೆತ ಹಸಿರು ಮಾಡೆಲಿಂಗ್ ಜೇಡಿಯಿಂದ 3 ಮಿ.ಮೀ. ದಪ್ಪ, 25 ಮಿ.ಮೀ. ಉದ್ದದ ಹುಳುಗಳನ್ನು ಹೊಸೆಯಿರಿ. ಮೈ ನುಣುಪಾಗಿರಲಿ, ಬೆರಳಚ್ಚು ಉಳಿದರೆ ಕಚ್ಚಿದ ಗುರುತಿನೊಂದಿಗೆ ಬೆರೆಯುತ್ತದೆ. ಪ್ರತಿ ಮರಕ್ಕೆ ಐದು, ಅರ್ಧ ಎಲೆತೊಟ್ಟಿನ ಬಳಿ, ಅರ್ಧ ಎಲೆಯ ಕೆಳಮೈಯ ನಡುವೆ ಬರುವಂತೆ ಮರದಿಂದ ಮರಕ್ಕೆ ಅದಲುಬದಲು ಮಾಡಿ ಅಂಟಿಸಿ, 48 ಗಂಟೆಯ ನಂತರ ಭೂತಗನ್ನಡಿಯಲ್ಲಿ ನೋಡಿ. ಹಕ್ಕಿಯ ಕೊಕ್ಕು ಮೊನಚು ತ್ರಿಕೋನದ ತಗ್ಗು ಮಾಡುತ್ತದೆ, ಎಷ್ಟೋ ಸಲ ಎದುರು ಬದಿಗಳಲ್ಲಿ ಜೋಡಿಯಾಗಿ. ಇಲಿಯ ಹಲ್ಲು ಪಕ್ಕಪಕ್ಕದ ಎರಡು ಸಮಾನಾಂತರ ಗೀರು ಬಿಡುತ್ತದೆ. ಇರುವೆ, ಜೀರುಂಡೆಗಳದ್ದು ಚಿಕ್ಕ ಚುಕ್ಕೆ ಅಥವಾ ಕೊರೆತ. ಒಂದು ಮರದಲ್ಲಿ ತೊಟ್ಟಿನ ಬಳಿಯ ಹುಳುವಿಗೆ ಮಾತ್ರ ಕೊಕ್ಕು ಬಿದ್ದು, ಎಲೆಯ ನಡುವಿನದು ಹಾಗೇ ಉಳಿದಿದ್ದರೆ ಎಟುಕುವಿಕೆಯೇ ತೊಡಕು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಕಷ್ಟ. ಜೇಡಿಹುಳು ಅಲ್ಲಾಡುವುದಿಲ್ಲ, ವಾಸನೆ ಇಲ್ಲ. ಹಾಗಾಗಿ ಅದು ನಿಜವಾದ ಬೇಟೆಯ ದರ ಹೇಳದು, ಮರಗಳ ನಡುವಿನ ಹೋಲಿಕೆಗೆ ಮಾತ್ರ ಬಳಸಿ. ಕೆಲಸ ಮುಗಿದ ಮೇಲೆ ಒಂದೂ ಬಿಡದಂತೆ ತೆಗೆದುಬಿಡಿ.

ಹುಳುವೂ ಎಟುಕುವಿಕೆಯೂ ಉತ್ತರ ಕೊಡದಿದ್ದರೆ ಭಯವನ್ನು ನೆನೆಯಿರಿ. ಗಿಡುಗವೋ ಹಗಲಲ್ಲಿ ಬೇಟೆಯಾಡುವ ಪುಟ್ಟ ಗೂಬೆಯೋ ಇರುವ ಕಡೆ ಚೇಕಡಿಗಳು ಹೊರತುದಿ ಬಿಟ್ಟು ಒಳಕ್ಕೆ ಸರಿಯುತ್ತವೆ, ತೆರೆದ ಮರಗಳಿಗೆ ಹೋಗುವುದನ್ನು ಕಡಿಮೆ ಮಾಡುತ್ತವೆ. ತನಗಿಂತ ದೊಡ್ಡ ಹಕ್ಕಿ ಓಡಿಸುವುದರಿಂದಲೂ ಇದೇ ಆಗುತ್ತದೆ. ನಿಮ್ಮ ದಾಖಲೆಯಲ್ಲಿ ಹಿಂಡಿನ ಕಾಲಂ ಮತ್ತು ನೆತ್ತಿಯ ಒಳಗು-ಹೊರಗಿನ ಕಾಲಂ ಇದ್ದರೆ ಇದು ಸಿಗುತ್ತದೆ.

ಗಿಡ ನೆಡುವವರು ಇದನ್ನು ಬಳಸುವುದಾದರೆ

ಒಂದೇ ಋತುವಿನ ಫಲಿತಾಂಶ ಹಿಡಿದು ಗಿಡದ ಪಟ್ಟಿ ಮಾಡಬೇಡಿ. ಮರಿ ಸಾಕುವ ಕಾಲ ಮತ್ತು ಹುಳು ಅಭಾವದ ಕಾಲ ಎರಡರಲ್ಲೂ ಯಾವ ಮರ ಹಕ್ಕಿಯನ್ನು ಪೊರೆಯುತ್ತದೆ ಎಂದು ಬೇರೆ ಬೇರೆ ನೋಡಬೇಕು, ಎರಡಕ್ಕೂ ಒಂದೇ ಮರ ಬರುವುದು ಅಪರೂಪ. ಚಿಗುರುವ ಕಾಲ ಮುಂದೆ-ಹಿಂದೆ ಇರುವ ಜಾತಿಗಳನ್ನು ಬೆರೆಸಿ ನೆಟ್ಟರೆ ಒಂದರ ಎಲೆ ಬಲಿಯುವಾಗ ಇನ್ನೊಂದರಲ್ಲಿ ಎಳೆಯ ಎಲೆ ಇರುತ್ತದೆ.

ಹೊರನಾಡಿನ ಅಲಂಕಾರದ ಮರಗಳ ಬಗ್ಗೆ ಒಂದು ಸ್ಪಷ್ಟ ಅಳತೆ ಸಿಕ್ಕಿದೆ. ವಾಷಿಂಗ್ಟನ್ ಡಿ.ಸಿ. ಸುತ್ತಮುತ್ತಲ ಮನೆಯಂಗಳಗಳಲ್ಲಿ ಕೆರೊಲಿನಾ ಚಿಕಡಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಗಿಡಮರಗಳ ಒಟ್ಟು ರಾಶಿಯಲ್ಲಿ ಆ ನೆಲದ ಜಾತಿಗಳು 70%ಕ್ಕಿಂತ ಕಡಿಮೆಯಾದಲ್ಲಿ ಅಲ್ಲಿ ಹುಟ್ಟುವ ಮರಿಗಳಿಂದ ಹಕ್ಕಿಗಳ ಸಂಖ್ಯೆ ನಿಲ್ಲುವುದಿಲ್ಲ. ಹೊರಗಿನ ಮರದಲ್ಲೂ ಹಕ್ಕಿ ಕೂರುತ್ತದೆ, ಹೂವಿಗೆ ಬಂದ ನೊಣ ಹಿಡಿಯುತ್ತದೆ, ಪಟ್ಟಿಯಲ್ಲಿ ದಾಖಲೆಯೂ ಆಗುತ್ತದೆ. ಆದರೆ ಮರಿಯ ಬಾಯಿಗೆ ಬೇಕಾದ ಮೆದು ಹುಳು ಅಲ್ಲಿ ಸಾಲದು. ಆದ್ದರಿಂದ ನೆಡುವ ಜಾತಿ ಆರಿಸುವಾಗ ದಾಳಿಗಳ ಒಟ್ಟು ಸಂಖ್ಯೆಯ ಬದಲು ಮರಿ ಇರುವ ದಿನಗಳಲ್ಲಿ ಗೂಡಿಗೆ ಹುಳು ಹೊತ್ತ ಹಕ್ಕಿ ಯಾವ ಮರದಿಂದ ಹೊರಟಿತು ಎಂಬ ದಾಖಲೆಗೆ ಹೆಚ್ಚು ಬೆಲೆ ಕೊಡಿ. ಗೂಡಿನಿಂದ 20 ಮೀಟರ್ ದೂರದಲ್ಲಿ ಅಲುಗದೆ ಕುಳಿತು, ಒಂದು ಸಲಕ್ಕೆ ಒಂದು ಗಂಟೆ ನೋಡಿದರೆ ಸಾಕು. ಹಕ್ಕಿ ಹುಳು ಹಿಡಿದೇ ಗೂಡಿಗೆ ಹೋಗದೆ ನಿಮ್ಮನ್ನು ನೋಡಿ ಕೂಗತೊಡಗಿದರೆ ತೀರಾ ಹತ್ತಿರ ಬಂದಿದ್ದೀರಿ, ಕೂಡಲೇ ಹಿಂದಕ್ಕೆ ಸರಿಯಿರಿ.